ರ ಹೊಟ್ಟೆಯೊಳಗಿನ ಚುಕ್ಕೆ

ಗಡಿಯಾರದ ಅಂಗಡಿ,
ಜೂನ್ ೪

ಪಿಟೀಲು,

ಇಲ್ಲಿ ಗಡಿಯಾರಗಳೆಲ್ಲ ಕ್ಷೇಮ. ನಾನೂ ನಿನ್ನ ಚಿಕ್ಕಮ್ಮನೂ ಅವುಗಳಿಗಿಂತ ಸ್ವಲ್ಪ ಹಿಂದೆ ಓಡುತ್ತಿದ್ದೇವೆ. ನಿನ್ನ ಮ್ಯೂಸಿಯಮ್ಮಿನ ಸತ್ತ ಹುಳುಗಳೆಲ್ಲ ಆರೋಗ್ಯವೆಂದು ನಂಬಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಠ ಸಿಕ್ಕಿತು.

ಈ ವಾಕ್ಯ ಬರೆಯಲು ನಾನು ಕಾಯುತ್ತಿದ್ದ ಹೊತ್ತಿನಲ್ಲಿ ನೀನು ಅಳುವುದನ್ನು ಬಿಟ್ಟು, ಶಾಲೆ ಮುಗಿಸಿ, ಡಿಗ್ರಿ ಮಾಡಿ, ಪತಂಗ ವಿಭಾಗ ಸೇರಿ, ಕನ್ನಡಕವನ್ನೂ ಹಾಕಿಕೊಂಡೆ. ನಿನಗೆ ಅಕ್ಷರ ಕಲಿಸಿದ್ದು ಇದೇ ರಿಪೇರಿ ಮೇಜಿನ ಮೇಲೆ. ರ ಯಾವುದು, ಠ ಯಾವುದು ತಿಳಿಯದೆ ನೀನು ಪಿಟೀಲು ಕುಯ್ಯುತ್ತಿದ್ದಾಗ ಎರಡು ಪತಂಗ ಬರೆದು ತೋರಿಸಿದ್ದೆ. ಎರಡಕ್ಕೂ ಬೂದಿ ಬಣ್ಣದ ರೆಕ್ಕೆ, ಅಂಚಿಗೆ ಡೊಂಕು ಗೆರೆ, ಮುಂದಿನ ರೆಕ್ಕೆಯ ನಡುವೆ ಒಂದು ಉಂಗುರ. ಉಂಗುರ ಖಾಲಿಯಿದ್ದರೆ ರ. ಒಳಗೊಂದು ಕಪ್ಪು ಚುಕ್ಕೆಯಿದ್ದರೆ ಠ. "ರ ಅಂದ್ರೆ ಬರೀ ಹೊಟ್ಟೆ, ಠ ಅಂದ್ರೆ ಒಳಗೊಂದು ಮೊಟ್ಟೆ." ಪಾಠ ಮುಗಿಯಿತು, ಪಿಟೀಲು ನಿಂತಿತು.

ರ ಯಾವ ದೀಪದ ಕೆಳಗೆ ಹುಡುಕಿದರೂ ಸಿಗುತ್ತದೆ. ಠ ಇಷ್ಟು ವರ್ಷ ನನ್ನ ಚಿತ್ರದಲ್ಲಿ ಮಾತ್ರ ಇತ್ತು, ಬಿಟ್ಟರೆ ನಿಮ್ಮ ಮ್ಯೂಸಿಯಮ್ಮಿನ ಡ್ರಾಯರಿನಲ್ಲಿ ಒಂದು.

ಮೊನ್ನೆ ಬೆಳಗ್ಗೆ ಅಂಗಡಿಗೆ ಬರುವ ದಾರಿಯಲ್ಲಿ ಪೊಲೀಸ್ ಠಾಣೆಯ ಗೋಡೆಯ ಮೇಲೆ, ಟ್ಯೂಬ್‌ಲೈಟಿನ ಕೆಳಗೆ ಕೂತಿತ್ತು. ಸೀಸೆ ಕವುಚಿ ನಿಂತಿದ್ದೆ. ಪೇದೆ ಹೊರಗೆ ಬಂದು, "ಏನ್ರೀ, ಕಂಪ್ಲೇಂಟಾ?" ಎಂದ.

"ಇಲ್ಲ ಸಾರ್, ಅರೆಸ್ಟು" ಎಂದೆ.

ಅಂಗಡಿಗೆ ಬಂದು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ. ಎರಡೂ ಉಂಗುರದಲ್ಲಿ ಚುಕ್ಕೆ, ಮಸಿ ತೊಟ್ಟಿಕ್ಕಿದ ಹಾಗೆ. ಸೂಜಿ ಚುಚ್ಚಿ, ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಿದ್ದೇನೆ. ಫೋಟೋ ಕಳಿಸಿ ಎನ್ನಬೇಡ. ನಮ್ಮ ಫೋನಿನಲ್ಲಿ ಚಿಕ್ಕಮ್ಮನೇ ಪತಂಗದ ಹಾಗೆ ಬರುತ್ತಾಳೆ. "ಅಡುಗೆಮನೇಲಿ ಜಿರಳೆ ಮೆರವಣಿಗೆ ಹೋಗ್ತಿದೆ, ಮೊದಲು ಅದನ್ನ ಹಿಡೀರಿ" ಎನ್ನುವುದು ಈ ಶೋಧನೆಯ ಬಗ್ಗೆ ಅವಳ ಅಭಿಪ್ರಾಯ.

ಎದುರಿನ ರಸ್ತೆ ಅಗೆದಿದ್ದಾರೆ. ಯಾವ ಗಡಿಯಾರ ಬಿಚ್ಚಿದರೂ ಡಯಲ್ ಮೇಲೆ ಧೂಳಿನ ಒಂದು ಕಣ. ಎಷ್ಟು ಊದಿದರೂ ಹೋಗುವುದಿಲ್ಲ. ಅದೊಂದು ಬಿಟ್ಟರೆ ಎಲ್ಲ ಸರಿ.

ಗೆದ್ದ ಗತ್ತಿನಲ್ಲಿ,
ನಿನ್ನ ಚಿಕ್ಕಪ್ಪ


ಮ್ಯೂಸಿಯಂ, ಮೇಲಿನ ಮಹಡಿ,
ಜೂನ್ ೧೯

ಚಿಕ್ಕಪ್ಪ,

ಪೆಟ್ಟಿಗೆ ಬಂತು. ಇನ್ನೂ ತೆರೆದಿಲ್ಲ. ಹೊರಗಿನಿಂದ ಬಂದ ಯಾವ ಹುಳುವಾದರೂ ಮೊದಲು ಫ್ರೀಜರಿನಲ್ಲಿ ಕೆಲವು ದಿನ ಕೂರಬೇಕು. ಇಲ್ಲದಿದ್ದರೆ ಅದರ ಜೊತೆ ಬಂದ ಪುಡಿಹುಳುಗಳು ನಮ್ಮ ಹಳೆಯ ಹುಳುಗಳನ್ನು ತಿಂದುಹಾಕುತ್ತವೆ. ಅಷ್ಟರಲ್ಲಿ ಫ್ರೀಜರು ಕೆಟ್ಟಿತು. ಅದು ರಿಪೇರಿಯಾಗುವವರೆಗೆ ನಿಮ್ಮ ಠ, ನಮ್ಮ ಮುಖ್ಯಸ್ಥರ ಮನೆಯಲ್ಲಿ ತರಕಾರಿಯ ಪಕ್ಕದಲ್ಲಿ ಮಲಗಿದೆ. ಅವರ ಹೆಂಡತಿಗೆ ತಿಳಿದಿಲ್ಲ.

ತೆರೆಯದಿದ್ದರೂ ಸುದ್ದಿ ಮುಟ್ಟಿಸಿದೆ. ನಮ್ಮ ಪತಂಗಗಳ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿದೆ. ಮುಖ್ಯಸ್ಥರು, "ನಿಮ್ಮ ಚಿಕ್ಕಪ್ಪನ ಕಣ್ಣು ಅಂದ್ಮೇಲೆ ಇನ್ನೇನ್ರೀ, ಸೇರಿಸಿ" ಎಂದರು. ಒಂದು ವಾಕ್ಯ ಸೇರಿಸಿದೆ: ಈ ಪ್ರಭೇದ ಬಹುಕಾಲದ ನಂತರ ಮತ್ತೆ ಕಂಡಿದೆ, ಕಂಡವರು ಒಬ್ಬ ಗಡಿಯಾರ ರಿಪೇರಿಯವರು. ವಾಕ್ಯದಲ್ಲಿ ಪ್ರಾಸ ಬರಲಿಲ್ಲ, ಕ್ಷಮಿಸಿ. ವಿಜ್ಞಾನಕ್ಕೆ ಪ್ರಾಸ ಒಗ್ಗುವುದಿಲ್ಲವಂತೆ.

ನಮ್ಮ ಡ್ರಾಯರಿನ ಠ ನಾನು ಹುಟ್ಟುವ ಮೊದಲಿನದು. ಒಂದು ರೆಕ್ಕೆಯಿಲ್ಲ. ಉಳಿದ ರೆಕ್ಕೆಯ ಚುಕ್ಕೆ ಮಾತ್ರ ಈಗಲೂ ಗಟ್ಟಿಯಾಗಿ ನೋಡುತ್ತದೆ. ಅದರ ಪಕ್ಕದ ಜಾಗ ಇಷ್ಟು ದಿನ ಖಾಲಿಯಿತ್ತು.

ಚಿಕ್ಕಮ್ಮನಿಗೆ ಹೇಳಿ, ಜಿರಳೆ ನಮ್ಮ ವಿಭಾಗಕ್ಕೆ ಬರುವುದಿಲ್ಲ. ಕೆಳಗಿನ ಮಹಡಿಯಲ್ಲಿ ವಿಚಾರಿಸಬೇಕು.

ನಿಮ್ಮ,
ಪಿಟೀಲು


ಗಡಿಯಾರದ ಅಂಗಡಿ,
ಜುಲೈ ೨

ಪಿಟೀಲು,

ತರಕಾರಿ ಪಕ್ಕದಲ್ಲಿ ಮಲಗಿಸಿದರೂ ಚಿಂತೆಯಿಲ್ಲ, ಸಾರಿಗೆ ಹಾಕದಿದ್ದರೆ ಸಾಕು.

ಇನ್ನೊಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ಇದರಲ್ಲಿಯೂ ಠ. ಪಾಠಶಾಲೆಯ ಗೇಟಿನ ಮೇಲೆ ಒಂದು, ಬ್ಯಾಂಕಿನ ಠೇವಣಿ ಕೌಂಟರಿನ ಕಿಟಕಿಯಲ್ಲಿ ಒಂದು, ನಮ್ಮದೇ ಬಚ್ಚಲ ಗೋಡೆಯಲ್ಲಿ ಒಂದು. ಇಷ್ಟು ವರ್ಷ ಮುಖ ತೋರಿಸದೆ ಈಗ ನೆಂಟರ ಹಾಗೆ ಬರುತ್ತಿವೆ. ರ ಎಲ್ಲಿ ಹೋದವೋ ಗೊತ್ತಿಲ್ಲ. ಈ ಸಲ ಒಂದೂ ಕಂಡಿಲ್ಲ. ಅದರ ಬಗ್ಗೆಯೂ ನಿಮ್ಮ ಪುಸ್ತಕದಲ್ಲಿ ಒಂದು ವಾಕ್ಯ ಬರಬೇಕೇನೋ.

ಅಂಗಡಿಯಲ್ಲಿ ಒಂದು ರಾದ್ಧಾಂತವಾಯಿತು. ಕಂಡಕ್ಟರೊಬ್ಬರ ಕೈಗಡಿಯಾರ. ಡಯಲ್ ಮೇಲಿನ ಧೂಳು ಊದಿದರೆ ಹೋಗಲಿಲ್ಲವೆಂದು ಬಟ್ಟೆಯಲ್ಲಿ ಉಜ್ಜಿದೆ. ಮತ್ತೂ ಇತ್ತು, ಮತ್ತೂ ಉಜ್ಜಿದೆ. ಧೂಳು ಉಳಿಯಿತು, ಆರು ಹೋಯಿತು. ಐದಾದ ಮೇಲೆ ಏಳು. ಅವರು ನೋಡಿ, "ರಿಪೇರಿಗೆ ಕೊಟ್ಟಿದ್ದು ಗಡಿಯಾರ ಸ್ವಾಮಿ, ಪಾತ್ರೆ ಅಲ್ಲ" ಎಂದರು. ಜನಕ್ಕೆ ತಮಾಷೆ ಮಾಡಲು ಬರುತ್ತದೆಂದು ತಿಳಿದು ಸಂತೋಷವಾಯಿತು. ಹೊಸ ಡಯಲ್ ಹಾಕಿಕೊಡುತ್ತೇನೆ ಎಂದೆ.

ರಸ್ತೆ ಕೆಲಸ ಮುಗಿದಿದೆ. ಧೂಳು ಮುಗಿದಿಲ್ಲ.

ನಿನ್ನ,
ಚಿಕ್ಕಪ್ಪ


ಮ್ಯೂಸಿಯಂ,
ಜುಲೈ ೨೦

ಚಿಕ್ಕಪ್ಪ,

ಎರಡೂ ಪೆಟ್ಟಿಗೆ ತೆರೆದೆ. ಸುತ್ತು ಬಳಸದೆ ಹೇಳುತ್ತೇನೆ, ಬಳಸಿದರೆ ನಿಮಗೆ ಸಿಟ್ಟು ಬರುತ್ತದೆ.

ಎಲ್ಲವೂ ರ.

ಒಂದರಲ್ಲಿಯೂ ಚುಕ್ಕೆಯಿಲ್ಲ. ಉಜ್ಜಿಹೋಗಿದೆಯೇ ಎಂದು ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ರೆಕ್ಕೆಯ ಪುಡಿ ಒಂದು ಕಣವೂ ಉದುರಿಲ್ಲ, ನಿಮ್ಮ ಕೈ ಅಷ್ಟು ಹಗುರ. ಉಂಗುರ ಖಾಲಿ.

ನಿಮ್ಮನ್ನು ಅನುಮಾನಿಸುವ ಮೊದಲು ನನ್ನನ್ನು ಅನುಮಾನಿಸಿಕೊಂಡೆ. ಮುಖ್ಯಸ್ಥರಿಗೆ ತೋರಿಸಿದೆ. ಅವರು ಪುಸ್ತಕದ ವಾಕ್ಯ ನೆನೆದು ನಿಟ್ಟುಸಿರು ಬಿಟ್ಟರು. ಆಮೇಲೆ ಸೂಜಿಯ ಕೆಳಗಿನ ಚೀಟಿಗಳನ್ನು ಓದಿದೆ. ಹುಳುವಿಗಿಂತ ನನ್ನನ್ನು ಕೂರಿಸಿಬಿಟ್ಟದ್ದು ಅವು.

ನೀವು ಬರೆದಿದ್ದೀರಿ: "ರಾಣೆಯ ಗೋಡೆ." "ಪಾರಶಾಲೆಯ ಗೇಟು." "ರೇವಣಿ ಕೌಂಟರು." ಪ್ರಭೇದದ ಜಾಗದಲ್ಲಿ, ಎಲ್ಲ ಚೀಟಿಯಲ್ಲಿಯೂ, ಒಂದೇ ಅಕ್ಷರ: "ರ."

ನಿಮ್ಮ ಪತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಪತ್ರದಲ್ಲಿ ಠಾಣೆ ಠಾಣೆಯಾಗಿಯೇ ಇದೆ, ಪಾಠಶಾಲೆಗೂ ಚುಕ್ಕೆಯಿದೆ. ಪತ್ರವನ್ನು ನೀವು ಎರಡೂ ಕಣ್ಣು ಬಿಟ್ಟು ಬರೆಯುತ್ತೀರಿ. ಚೀಟಿಯ ಅಕ್ಷರ ಸಣ್ಣದು, ಅದನ್ನು ಭೂತಗನ್ನಡಿ ಸಿಕ್ಕಿಸಿಕೊಂಡು ಬರೆಯುತ್ತೀರಿ. ನಾನು ಕಂಡಂದಿನಿಂದ ಅದು ನಿಮ್ಮ ಬಲಗಣ್ಣಿನಲ್ಲೇ ಇದೆ. ಹುಳುಗಳನ್ನು ನೋಡುವುದೂ ಅದರಿಂದಲೇ, ಡಯಲ್‌ಗಳನ್ನು ನೋಡುವುದೂ ಅದರಿಂದಲೇ.

ಚೀಟಿಯಲ್ಲಿ ನೀವು ಚುಕ್ಕೆ ಇಡದಿದ್ದದ್ದು, ಇಡುವ ಮೊದಲೇ ಅಲ್ಲಿ ಒಂದು ಕಂಡದ್ದರಿಂದ. ಹುಳು ರ. ಚೀಟಿಯೂ ರ. ನಡುವೆ ಠ ಎಂದದ್ದು ನಿಮ್ಮ ಬಲಗಣ್ಣು ಮಾತ್ರ. ಧೂಳು ಕೂಡ ರಸ್ತೆಯದಲ್ಲ.

ಎಡಗಣ್ಣು ಮುಚ್ಚಿ ಗೋಡೆಯ ಮೇಲಿನ ದೊಡ್ಡ ಗಡಿಯಾರದ ನಡುಭಾಗ ನೋಡಿ. ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ದಯವಿಟ್ಟು ಇದೇ ಕ್ರಮದಲ್ಲಿ, ಇದೇ ವಾರದಲ್ಲಿ.

ಪುಸ್ತಕದ ವಾಕ್ಯ ಹೊಡೆದುಹಾಕಿದೆ. ಚೀಟಿಗಳನ್ನು ಮುಟ್ಟಿಲ್ಲ. ಹುಳು ಹಿಡಿದವರ ಚೀಟಿಯನ್ನು ನಾವು ಎಂದೂ ತಿದ್ದುವಂತಿಲ್ಲ. ತಪ್ಪಿದ್ದರೆ ಅದರ ಕೆಳಗೆ, ಅದೇ ಸೂಜಿಗೆ, ನಮ್ಮದೊಂದು ಚೀಟಿ ಚುಚ್ಚಬೇಕು. ಈ ಸಲ ಅದರ ಅಗತ್ಯವೂ ಬೀಳಲಿಲ್ಲ.

ನಿಮ್ಮ,
ಪಿಟೀಲು


ಮನೆಯಿಂದ,
ಆಗಸ್ಟ್ ೨೮

ಪಿಟೀಲು ಮಗಳೇ,

ನಾನು ಪತ್ರ ಬರೆಯೋಳಲ್ಲ, ನಿನಗೇ ಗೊತ್ತು. ಆದ್ರೆ ಈ ಮನೇಲಿ ಮಾತಾಡೋರು ಯಾರೂ ಉಳಿದಿಲ್ಲ, ಅದಕ್ಕೆ ಪೆನ್ನು ಹಿಡಿದೆ.

ನಿನ್ನ ಕಾಗದ ಬಂದ ದಿನ ನಿಮ್ಮ ಚಿಕ್ಕಪ್ಪ ಓದಿದ್ರು, ಮಡಚಿದ್ರು, ಜೇಬಿಗಿಟ್ರು. ಊಟ ಮಾಡಿದ್ರು. ಕೈ ತೊಳೀತಾ, "ನಿನ್ನೆ ಮೊನ್ನೆ ಅಕ್ಷರ ಕಲಿತೋಳು ನನಗೆ ಠ ಹೇಳಿಕೊಡ್ತಾಳೆ" ಅಂದ್ರು. ಅಷ್ಟೇ. ಆಮೇಲೆ ಮಾತಿಲ್ಲ ಕತೆಯಿಲ್ಲ. "ಯಾಕ್ರೀ ಹಿಂಗೆ ಹಠ ಮಾಡ್ತೀರಾ" ಅಂದ್ರೆ, "ಹಠ ಅಲ್ಲ, ಹರ" ಅಂತಾರೆ. ಇದೇನು ಜೋಕೋ ಏನೋ, ನಿನಗೆ ಅರ್ಥ ಆದ್ರೆ ನೀನು ನಗು.

ಹೋಗ್ಲಿ. ಒಂದಿನ ಹಜಾರಕ್ಕೆ ಬಂದು ನೋಡ್ತೀನಿ, ಇವರು ಗೋಡೆ ಗಡಿಯಾರದ ಮುಂದೆ ನಿಂತು ಒಂದು ಸಲ ಈ ಕಣ್ಣು ಮುಚ್ಚೋದು, ಒಂದು ಸಲ ಆ ಕಣ್ಣು ಮುಚ್ಚೋದು. ಈ ವಯಸ್ಸಲ್ಲಿ ಗಡಿಯಾರಕ್ಕೆ ಕಣ್ಣು ಹೊಡೀತಿದ್ದಾರಲ್ಲ ಅಂದ್ಕೊಂಡೆ. ತಿರುಗಿ ನೋಡಿದ್ರೆ ಮುಖ ಬಿಳಿಚಿಕೊಂಡಿದೆ. "ಮುಳ್ಳು ಸೇರೋ ಜಾಗ ಕಾಣ್ತಿಲ್ಲ ಕಣೇ" ಅಂದ್ರು. ಮದುವೆಯಾದಾಗಿಂದ ಅವರು ನನ್ನ ಮುಂದೆ ಹೆದರಿದ್ದು ನೋಡಿರಲಿಲ್ಲ. ನಾನು ಚಪ್ಪಲಿ ಹಾಕ್ಕೊಂಡೆ. ಅವರೂ ಹಾಕ್ಕೊಂಡ್ರು.

ಡಾಕ್ಟರು ಹೇಳಿದ್ದನ್ನ ಅವರೇ ಬರೀತಾರೆ, ನನಗೆ ಆ ಹೆಸರೆಲ್ಲ ಬಾಯಲ್ಲಿ ನಿಲ್ಲಲ್ಲ. ನೀನು ಹೇಳಿದ್ದು ತಪ್ಪಲ್ಲ. ಹೇಳೋಕೆ ಇನ್ಯಾರಿದ್ರು? ಆದ್ರೂ ಒಂದು ಮಾತು. ಮೂರು ಪುಟ ಲೆಕ್ಕದ ಹಾಗೆ ಬಿಡಿಸಿ ಬರೆದಿದ್ದೀಯ. "ಹೇಗಿದ್ದೀರಾ" ಅಂತ ಒಂದು ಸಾಲು ಸೇರಿಸಿದ್ರೆ ನಿನ್ನ ಮ್ಯೂಸಿಯಂ ಬಿದ್ದು ಹೋಗ್ತಿತ್ತಾ?

ಚಿಕ್ಕಮ್ಮ


ಗಡಿಯಾರದ ಅಂಗಡಿ,
ಸೆಪ್ಟೆಂಬರ್ ೩೦

ಪಿಟೀಲು,

ನಿನ್ನ ಚಿಕ್ಕಮ್ಮ ನಿನಗೆ ಬರೆದದ್ದು ತಿಳಿಯಿತು. ಅಂಚೆಚೀಟಿಯನ್ನು ನನ್ನ ಜೇಬಿನಿಂದಲೇ ತೆಗೆದಳು.

ಬಲಗಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಸವೆದಿದೆಯಂತೆ. ಗಡಿಯಾರದವನಿಗೆ ಅರ್ಥವಾಗುವ ಮಾತು. ಹೋದದ್ದು ಬರುವುದಿಲ್ಲ, ಇನ್ನಷ್ಟು ಹೋಗದಂತೆ ಸೂಜಿ ಚುಚ್ಚುತ್ತಾರೆ. ಇಷ್ಟು ವರ್ಷ ಎಷ್ಟೋ ಹುಳುಗಳಿಗೆ ನಾನು ಸೂಜಿ ಚುಚ್ಚಿದ್ದೇನೆ, ಆದ್ದರಿಂದ ತಕರಾರು ಮಾಡಲಿಲ್ಲ. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ. ಆದರೆ ಅದಕ್ಕೂ ಬರಬಹುದು, ಕಾವಲಿರಬೇಕು ಎಂದರು.

ಕಾವಲಿಗೆ ಒಂದು ಹಾಳೆ ಕೊಟ್ಟಿದ್ದಾರೆ. ತುಂಬ ಚೌಕದ ಗೆರೆಗಳು, ನಟ್ಟನಡುವೆ ಒಂದು ಕಪ್ಪು ಚುಕ್ಕೆ. ದಿನಾ ಬೆಳಗ್ಗೆ ಒಂದೊಂದೇ ಕಣ್ಣಿನಲ್ಲಿ ಅದನ್ನು ನೋಡಬೇಕು. ಗೆರೆ ಸೊಟ್ಟಗಾದರೆ, ಮಸುಕಾದರೆ ಓಡಿ ಬರಬೇಕು. ನಾನು ಕೇಳಿದೆ: "ಡಾಕ್ಟ್ರೇ, ನನ್ನ ರೋಗವೇ ಚುಕ್ಕೆ. ನೀವೂ ಚುಕ್ಕೆನೇ ಕೊಟ್ರೆ, ಯಾವುದು ನಿಮ್ಮದು ಯಾವುದು ನನ್ನದು ಅಂತ ಹೇಗೆ ಗೊತ್ತಾಗ್ಬೇಕು?" ಅವರಿಗೆ ನಗು ಬರಲಿಲ್ಲ. ಹೊರಗೆ ಸಾಲು ಉದ್ದವಿತ್ತು.

ಭೂತಗನ್ನಡಿಯನ್ನು ಎಡಗಣ್ಣಿಗೆ ವರ್ಗ ಮಾಡಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನ ಹಾಗಿದೆ, ಎಲ್ಲದಕ್ಕೂ ಮಿಟುಕುತ್ತದೆ, ಹುಬ್ಬಿನ ಹಿಡಿತವಿಲ್ಲ, ಗಾಜು ಮೇಜಿನ ಮೇಲೆ ಬೀಳುತ್ತದೆ. ಸದ್ಯಕ್ಕೆ ದೊಡ್ಡ ಗಡಿಯಾರಗಳು ಮಾತ್ರ. ಕಂಡಕ್ಟರು ಬಂದು ಹೊಸ ಡಯಲ್ ನೋಡಿ, "ಆರೂ ಇದೆ, ಸಾಲದ್ದಕ್ಕೆ ಏಳೂ ಇದೆ" ಎಂದು ಒಪ್ಪಿದರು.

ನೀನು ಹೇಳಿದ್ದು ಸರಿ. ಇದನ್ನು ಎರಡು ಸಲ ಬರೆಯುವುದಿಲ್ಲ.

ನಿನ್ನ,
ಚಿಕ್ಕಪ್ಪ


ಮ್ಯೂಸಿಯಂ,
ಅಕ್ಟೋಬರ್ ೧೭

ಚಿಕ್ಕಪ್ಪ,

ಹೇಗಿದ್ದೀರಾ?

(ಚಿಕ್ಕಮ್ಮನಿಗೆ ಓದಿ ಹೇಳಿ. ಮ್ಯೂಸಿಯಂ ಬಿದ್ದಿಲ್ಲ.)

ಪುಸ್ತಕ ಬಂತು. ಠ ಎದುರಿಗೆ "ಇತ್ತೀಚೆಗೆ ಕಂಡಿಲ್ಲ" ಎಂದಿದೆ. ಫ್ರೀಜರು ಸರಿಹೋಗಿದೆ. ಮುಖ್ಯಸ್ಥರ ಮನೆಯಲ್ಲಿ ನಿಮ್ಮ ಪೆಟ್ಟಿಗೆ ಹೇಗೋ ಬಯಲಾಗಿ, ಅವರು ಈಗ ಮಧ್ಯಾಹ್ನದ ಊಟವನ್ನು ಕ್ಯಾಂಟೀನಿನಲ್ಲಿ ಮಾಡುತ್ತಿದ್ದಾರೆ.

ಎಡಗಣ್ಣಿನ ಗುಮಾಸ್ತನಿಗೆ ಅಭ್ಯಾಸಕ್ಕೆ ಹುಳು ಹಿಡಿಯಿರಿ. ಯಾವುದಾದರೂ ಆಗಲಿ, ರ ಆದರೂ ಆಗಲಿ. ರ ಎಷ್ಟಿದ್ದರೂ ಬೇಡವೆನ್ನುವುದಿಲ್ಲ.

ನಿಮ್ಮ,
ಪಿಟೀಲು


ಮನೆಯಿಂದ,
ಜನವರಿ ೧೦

ಪಿಟೀಲು,

ಇದನ್ನು ನಿನ್ನ ಚಿಕ್ಕಮ್ಮನಿಗೆ ಹೇಳಿಲ್ಲ. ನೀನೂ ಹೇಳಬೇಡ. ಸರಿಯಾದ ಹೊತ್ತು ನೋಡಿ ನಾನೇ ಹೇಳುತ್ತೇನೆ.

ನೀನು ಹೇಳಿದಂತೆ ಅಭ್ಯಾಸ ಮಾಡಿದೆ. ಚಳಿಗಾಲ ಶುರುವಾಗುವವರೆಗೆ ಗುಮಾಸ್ತ ಚೆನ್ನಾಗಿಯೇ ದುಡಿದ. ಹಿಡಿದ ರಗಳಲ್ಲಿ ಖಾಲಿ ಉಂಗುರ ಖಾಲಿಯಾಗಿಯೇ ಕಂಡಿತು. ಹೆಂಗಸರ ಸಣ್ಣ ಕೈಗಡಿಯಾರವನ್ನೂ ಮತ್ತೆ ಬಿಚ್ಚಲು ಶುರುಮಾಡಿದ್ದೆ. ಆ ಹುಳುಗಳೆಲ್ಲ ಹಿಂದಿನ ಪೆಟ್ಟಿಗೆಯಲ್ಲಿ ನಿನಗೆ ಬಂದಿವೆ.

ಹೋದ ವಾರ ಅಂಗಡಿಯ ಬಾಗಿಲ ಮೇಲೆಯೇ ಒಂದು ಕೂತಿತ್ತು. ಒಳಗೆ ತಂದು ಎಡಗಣ್ಣಿನಿಂದ ನೋಡಿದೆ. ಉಂಗುರದೊಳಗೆ ಚುಕ್ಕೆ. ಗಾಜು ಒರೆಸಿ ನೋಡಿದೆ. ಚುಕ್ಕೆ.

ನಿಜ ಹೇಳುತ್ತೇನೆ, ಇನ್ನೊಂದು ಹುಳುವನ್ನು ನೋಡಿ ಖಾತ್ರಿ ಮಾಡಿಕೊಳ್ಳುವ ಧೈರ್ಯ ಬರಲಿಲ್ಲ. ಡಾಕ್ಟರ ಹಾಳೆಯನ್ನು ಅವತ್ತೇ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದ್ದೇನೆ. ಒಂದು ಸಲ ಮೋಸ ಹೋದವನಿಗೆ ಎರಡನೆಯ ಸಲ ಬುದ್ಧಿಯಿರಬೇಕು. ಕಂಡದ್ದರಲ್ಲಿ ಚುಕ್ಕೆಯನ್ನು ಕಳೆದು, ಚೀಟಿಯಲ್ಲಿ ರ ಎಂದು ಬರೆದೆ.

ಅಂಗಡಿಗೆ ಬಾಗಿಲು ಹಾಕಿದ್ದೇನೆ. ರಿಪೇರಿಗೆ ಬಂದವನ್ನು ಹಾಗೆಯೇ ವಾಪಸು ಕೊಟ್ಟೆ. ಚಿಕ್ಕಮ್ಮನಿಗೆ ಸೊಂಟ ನೋವು ಎಂದಿದ್ದೇನೆ. ಅವಳು ದಿನಾ ಎಣ್ಣೆ ತಿಕ್ಕುತ್ತಿದ್ದಾಳೆ. ನೋವಿಲ್ಲದ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವುದು ಕಷ್ಟದ ಕೆಲಸ, ಆಗಾಗ ನರಳಬೇಕು.

ಹುಳು ಹಿಡಿಯುವ ಸೀಸೆ, ಸೂಜಿ, ಚಿಮಟ, ಉಳಿದ ಖಾಲಿ ಚೀಟಿ, ಎಲ್ಲವನ್ನೂ ಈ ಪೆಟ್ಟಿಗೆಯಲ್ಲಿ ಹಾಕಿದ್ದೇನೆ. ಆ ಕೊನೆಯ ರ ಕೂಡ ಇದೆ. ನಿನಗೆ ಬೇಕಾದರೆ ಇಟ್ಟುಕೋ.

ಚಿಕ್ಕಪ್ಪ


ಮ್ಯೂಸಿಯಂ,
ಜನವರಿ ೧೬

ಚಿಕ್ಕಪ್ಪ,

ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಫೋನ್ ಮಾಡಿದೆ. ಚಿಕ್ಕಮ್ಮ ಎತ್ತಿ, "ಸೊಂಟ ನೋವು ಕಣೇ, ಮಲಗಿದ್ದಾರೆ" ಎಂದರು. ಹೇಳಬೇಡ ಎಂದಿದ್ದೀರಿ, ಹೇಳಲಿಲ್ಲ. ಎಣ್ಣೆ ಬಿಸಿ ಮಾಡಿ ತಿಕ್ಕಿ ಎಂದು ಮಾತ್ರ ಹೇಳಿದೆ.

ನಿಮ್ಮ ಪೆಟ್ಟಿಗೆಯನ್ನು ಫ್ರೀಜರಿಗೆ ಹಾಕಲಿಲ್ಲ. ನಿಯಮ ಮುರಿದು ಬಂದ ಕೂಡಲೇ ತೆರೆದೆ. ಪುಡಿಹುಳು ಬಂದರೆ ಬರಲಿ.

ಚುಕ್ಕೆ ಇದೆ.

ಎಡ ರೆಕ್ಕೆಯಲ್ಲಿ ಇದೆ, ಬಲ ರೆಕ್ಕೆಯಲ್ಲಿ ಇದೆ. ಸೂಕ್ಷ್ಮದರ್ಶಕದಲ್ಲಿ ಇದೆ, ಬರಿಗಣ್ಣಿಗೂ ಇದೆ. ನಮ್ಮ ಹಳೆಯ ಒಂಟಿ ರೆಕ್ಕೆಯದರ ಪಕ್ಕದಲ್ಲಿಟ್ಟೆ, ಅಕ್ಕತಂಗಿಯರ ಹಾಗಿವೆ. ಮುಖ್ಯಸ್ಥರು ನೋಡಿದರು, ಇದೆ ಎಂದರು. ಗೇಟಿನ ಕಾವಲುಗಾರನನ್ನು ಮೇಲೆ ಕರೆಸಿ, ಏನೂ ಹೇಳದೆ, ಉಂಗುರದಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ. "ಚುಕ್ಕೆ. ಇದಕ್ಕೆ ಮೂರು ಮಹಡಿ ಹತ್ತಿಸಿದ್ರಾ ಮೇಡಂ?" ಎಂದ.

ನಿಮ್ಮ ಎಡಗಣ್ಣು ಇಲ್ಲದ್ದನ್ನು ಕಂಡಿಲ್ಲ. ಇದ್ದದ್ದನ್ನು ಕಂಡಿದೆ. ಇದು ಠ. ಒಳಗೆ ಮೊಟ್ಟೆಯಿರುವ ಠ.

ಹುಳು ಸಿಕ್ಕಿದ್ದಕ್ಕೆ ಮುಖ್ಯಸ್ಥರು ಕುಣಿಯುತ್ತಿದ್ದಾರೆ. ನಾನು ಕುರ್ಚಿಯಲ್ಲಿ ಕೂತು ಬೇರೆ ಕಾರಣಕ್ಕೆ ಸ್ವಲ್ಪ ಪಿಟೀಲು ಕುಯ್ದೆ. ಯಾರೂ ನೋಡಲಿಲ್ಲ.

ಡ್ರಾಯರಿನ ಬೀಗ ತೆಗೆದು ಹಾಳೆ ನೋಡಿ. ನನ್ನ ಮಾತು ನಂಬಬೇಡಿ, ಡಾಕ್ಟರ ಹತ್ತಿರವೂ ಹೋಗಿ ಬನ್ನಿ. ಆಮೇಲೆ ಒಂದು ತಿಳಿಸಿ. ನಿಮ್ಮ ಚೀಟಿಯಲ್ಲಿ ರ ಎಂದಿದೆ, ನಾನು ತಿದ್ದುವಂತಿಲ್ಲ. ಆದರೆ ಅದು ರ ಎಂದೇ ಬರೆದದ್ದೋ, ಅಥವಾ ಹಳೆಯ ಅಭ್ಯಾಸದಂತೆ ಚುಕ್ಕೆ ಬಿಟ್ಟುಹೋದ ಠ ಎನ್ನಬಹುದೋ? ಹಾಗೆ ಎಂದರೆ ಗುರುತಿಸಿದವರೂ ನೀವೇ ಆಗುತ್ತೀರಿ. ಮುಖ್ಯಸ್ಥರು ಒಪ್ಪುತ್ತಾರೆ. ನಾನು ಕೇಳಿಲ್ಲ, ಆದರೂ ಒಪ್ಪುತ್ತಾರೆ.

ನಿಮ್ಮ,
ಪಿಟೀಲು


ಗಡಿಯಾರದ ಅಂಗಡಿ,
ಫೆಬ್ರವರಿ ೩

ಪಿಟೀಲು,

ಕಾರ್ಡಿನಲ್ಲಿ ಜಾಗ ಕಡಿಮೆ, ಅದಕ್ಕೇ ಕಾರ್ಡು ಆರಿಸಿದೆ.

ಡಾಕ್ಟರು ಎಡಗಣ್ಣು ಸ್ವಚ್ಛ ಎಂದರು. ಹಾಳೆಯ ಗೆರೆಗಳು ನೆಟ್ಟಗಿವೆ. ಸೊಂಟದ ವಿಷಯ ಚಿಕ್ಕಮ್ಮನಿಗೆ ತಿಳಿಯಿತು, ಈಗ ನಿಜವಾಗಿ ನೋವು ಬರುವ ಹಾಗೆ ಮಾಡುತ್ತೇನೆ ಎಂದಿದ್ದಾಳೆ.

ಚೀಟಿಯಲ್ಲಿ ನಾನು ಬರೆದದ್ದು ರ. ರ ಎಂದು ತಿಳಿದೇ ಬರೆದದ್ದು. ಅದು ಹಾಗೆಯೇ ಇರಲಿ. ಅದರ ಕೆಳಗೆ ನಿನ್ನ ಚೀಟಿ ಚುಚ್ಚು, ಅದರಲ್ಲಿ ಠ ಬರಿ. ಹುಳು ನನ್ನದು, ಚುಕ್ಕೆ ನಿನ್ನದು. ನಾನು ಕಲಿಸಿದ ಅಕ್ಷರವೇ ಅಲ್ಲವೇ.

ಸೀಸೆ, ಸೂಜಿ, ಚಿಮಟ ವಾಪಸು ಕಳಿಸು.

ಇವತ್ತು ಅಂಗಡಿ ತೆರೆದೆ. ಮೊದಲು ಬಂದದ್ದು ಒಂದು ಸಣ್ಣ ಕೈಗಡಿಯಾರ. ಬಿಚ್ಚಿ ನೋಡಿದರೆ ಡಯಲ್ ಮೇಲೆ ಧೂಳಿನ ಒಂದು ಕಣ. ಗಾಜು ಒರೆಸಿ ಎಡಗಣ್ಣಿಗೆ ಮತ್ತೆ ಸಿಕ್ಕಿಸಿಕೊಂಡೆ, ಅಲ್ಲೇ ಇತ್ತು.

ಆಮೇಲೆ ಊದಿದೆ. ಹೋಯಿತು.

ಚಿಕ್ಕಪ್ಪ